ಹಲೋ ಮಾವನ ಕೆಟ್ಟ ಮೈಕು

ಮೈಕಿನವನಿಗೆ ಊರವರೆಲ್ಲ ಸೇರಿ ಇಟ್ಟ ಹೆಸರು ಹಲೋ ಮಾವ. ಮೈಕು ಹಚ್ಚಿ "ಹಲೋ, ಹಲೋ" ಅನ್ನದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಒಮ್ಮೆ ಅವನ ಹಾರ್ನು ಬಾವಿಯ ಕಡೆ ಮುಖ ಮಾಡಿ ಕೂಗಿದ್ದಕ್ಕೆ, ಒಳಗಿದ್ದ ಕಪ್ಪೆಗಳೆಲ್ಲ ಗಂಟುಮೂಟೆ ಕಟ್ಟಿ ಪಕ್ಕದೂರಿಗೆ ಹೋದವು. ನಂಬದಿದ್ದರೆ ಆ ಕಪ್ಪೆಗಳನ್ನೇ ಕೇಳಿ.

ಅವನ ನಿಜವಾದ ವಿದ್ಯೆ ಬೇರೆ. ಯಾರ ಭಾಷಣ ರಬ್ಬರಿನಂತೆ ಎಳೆಯತೊಡಗಿತೋ, ಟೇಬಲ್ಲಿನ ಕೆಳಗೆ ಕಾಲ್ಬೆರಳಲ್ಲೇ ಅವರ ಮೈಕಿನ ವೈರು ಕೀಳುತ್ತಿದ್ದ. ಆಮೇಲೆ ಏನೂ ಅರಿಯದ ಮಗುವಿನ ಮುಖ ಮಾಡಿ, "ಲೂಸ್ ಕನೆಕ್ಷನ್ ಸ್ವಾಮಿ" ಅನ್ನುತ್ತಿದ್ದ. ಅರ್ಧ ಊರು ಸಭೆಗೆ ಬರುತ್ತಿದ್ದುದೇ ಆ ಗಳಿಗೆಗಾಗಿ.

ಹೊಳೆಯ ನೆರೆ ಪೇಟೆಗೆ ನುಗ್ಗದಂತೆ ಮೇಲೆಯೇ ತಡೆಯಲು ಜಲಾಶಯ ಕಟ್ಟುತ್ತೇವೆ, ನಿಮ್ಮ ಹೊಲ ಬಿಟ್ಟುಕೊಡಿ ಎಂದು ಸರ್ಕಾರದವರು ಸಭೆ ಕರೆದಾಗ ಮಾತ್ರ ಮಾವನ ಮುಖ ಸಪ್ಪಗಾಯಿತು. ಮುಳುಗುವ ಹೊಲಗಳಲ್ಲಿ ಅವನದೂ ಇತ್ತು. ಮೈಕು ಸಭೆಯಿದ್ದ ದಿನ ಅನ್ನ ಹಾಕಿದರೆ, ಮಿಕ್ಕ ದಿನವೆಲ್ಲ ಹಾಕುತ್ತಿದ್ದುದು ಆ ಹೊಲವೇ.

ಆದರೆ ಪೇಟೆಯ ತಗ್ಗು ಬೀದಿಯಲ್ಲಿ ಅವನ ಅಕ್ಕ ಇದ್ದಳು, ಬಟ್ಟೆ ಹೊಲಿಯುವವಳು. ಮಳೆಗಾಲ ಬಂದರೆ ಹೊಳೆ ಅವಳ ಮನೆಗೆ ಬಾಗಿಲು ತಟ್ಟದೆ ಒಳಬರುತ್ತಿತ್ತು. ಅಕ್ಕ ಹೊಲಿಗೆ ಯಂತ್ರವನ್ನು ತಮ್ಮನ ತಲೆಯ ಮೇಲೆ ಹೊರಿಸಿಕೊಂಡು ಅವನ ಮನೆ ಸೇರಿ, ನೀರಿಳಿಯುವವರೆಗೆ ಅವನ ಪಾತ್ರೆ, ಬಟ್ಟೆ, ಮರ್ಯಾದೆ ಎಲ್ಲವನ್ನೂ ತೊಳೆಯುತ್ತಿದ್ದಳು.

ಸಭೆಯ ದಿನ ಶಾಲೆಯ ಅಂಗಳ ತುಂಬಿತು. ಎಂಜಿನಿಯರು ಜಲಾಶಯದ ಲಾಭ ಹೇಳುತ್ತ ಹೇಳುತ್ತ ತಮ್ಮ ಕಾಲೇಜಿನ ದಿನಗಳಿಗೆ ಹೋದರು, ಲೂಸ್ ಕನೆಕ್ಷನ್. ಹೊಲ ಕೊಡೆವು ಎನ್ನುವವರ ಮುಖಂಡ ತನ್ನ ಮುತ್ತಜ್ಜನಿಂದ ಶುರುಮಾಡಿದ. ಅಜ್ಜ ಹುಟ್ಟುವ ಮೊದಲೇ ಲೂಸ್ ಕನೆಕ್ಷನ್. ಆಮೇಲೆ ಅಕ್ಕ ಎದ್ದು, ಜಲಾಶಯ ಬೇಕೇ ಬೇಕು ಎಂದಳು. ಮಂಚದ ಮೇಲೆ ಮಂಚವಿಟ್ಟು ಮಲಗುವ ಸುಖ, ಒಲೆಯೊಳಗೆ ಸಿಕ್ಕ ಜೀವಂತ ಮೀನು, ಗಿರಾಕಿಗಳ ಕೊಳೆತುಹೋದ ಬಟ್ಟೆ, ಒಂದನ್ನೂ ಬಿಡಲಿಲ್ಲ. ಮಾತು ಉದ್ದವಾಯಿತು. ಜನ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಮಾವನ ಕಾಲು ಅಲುಗಲಿಲ್ಲ.

ಕೊನೆಗೆ ಅವನ ಸರದಿ. ಅಕ್ಕನನ್ನು ಟೇಬಲ್ಲಿನ ಬಳಿ ಕೂರಿಸಿ ಮೈಕಿನ ಮುಂದೆ ಹೋದವನು ಹಲೋ ಅನ್ನುವುದನ್ನೂ ಮರೆತ.

"ಹೊಲ ಬಿಟ್ರೆ ನಂಗೆ ಇನ್ನೇನಿಲ್ಲ. ಆದ್ರೂ ನಮ್ಮಕ್ಕ ಈ ವಯಸ್ಸಲ್ಲಿ ನೀರಲ್ಲಿ ನಿಲ್ಲೋದು ನೋಡಕ್ಕಾಗಲ್ಲ. ಅದಕ್ಕೇ ನನ್ನ ಹೊಲಾನ..."

ಮೈಕು ಸತ್ತಿತು. ಮಾವನ ಬಾಯಿ ಆಡುತ್ತಲೇ ಇತ್ತು, ಜನ ಬಿದ್ದು ಬಿದ್ದು ನಕ್ಕರು. ಕೊಡ್ತೀನಿ ಅಂದರೋ, ಕೊಡಲ್ಲ ಅಂದರೋ ಎಂದು ಅಧಿಕಾರಿ ಕೇಳಿದರು. ಅಕ್ಕ ವೈರಿನ ತುದಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದಳು.

"ಲೂಸ್ ಕನೆಕ್ಷನ್ ಸ್ವಾಮಿ. ಕೊಡಲ್ಲ ಅಂದ, ಬರ್ಕೊಳ್ಳಿ."

ಮಾವ ಓಡಿ ಬಂದ. "ಬೇಕೇ ಬೇಕು ಅಂದವಳು ನೀನೇ ಅಲ್ವೇನಕ್ಕ?"

"ನಿನ್ನ ಹೊಲದಲ್ಲೇ ಬೇಕು ಅಂದ್ನೇನೋ? ಹೊಲ ಹೋದ್ರೆ ನೀನು ಬಂದು ನನ್ನ ಮನೇಲಿ ಕೂರ್ತೀಯ. ಬೆಳಗಾದ್ರೆ ನಿನ್ನ ಹಲೋ ಕೇಳೋದಕ್ಕಿಂತ ಆ ನೀರೇ ವಾಸಿ."

ಜಲಾಶಯ ಎಲ್ಲಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಂದಿನ ಮಳೆಗೆ ಹೊಳೆ ಬಂತು, ಅಕ್ಕನೂ ಬಂದಳು. ತಲೆಯ ಮೇಲೆ ಹೊಲಿಗೆ ಯಂತ್ರ ಹೊತ್ತ ಮಾವ ದಾರಿಯುದ್ದಕ್ಕೂ ಏನೇನೋ ಗೊಣಗಿದನಂತೆ. ಹಿಂದೆ ಬರುತ್ತಿದ್ದ ಅಕ್ಕನಿಗೆ ಒಂದೂ ಕೇಳಿಸಲಿಲ್ಲವಂತೆ. ಲೂಸ್ ಕನೆಕ್ಷನ್.