ಕೆಂಪಸಿದ್ದಯ್ಯ ಮೇಷ್ಟ್ರ ಮುಂದಿನ ಎರಡು ಹಲ್ಲು

ಮಂಡ್ಯದ ಗಂಡಸು ಕಬ್ಬಿಗೆ ಮಚ್ಚು ಮುಟ್ಟಿಸಬಾರದು, ಹಲ್ಲಲ್ಲೇ ಸಿಗಿಯಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ನಮ್ಮ ಇಂಗ್ಲಿಷ್ ಮೇಷ್ಟ್ರು ಕೆಂಪಸಿದ್ದಯ್ಯನವರು ಮಾತ್ರ ಅದನ್ನು ಗಟ್ಟಿಯಾಗಿ ನಂಬಿದ್ದರು. ಐವತ್ತು ದಾಟಿದ ಮನುಷ್ಯ, ಮಳವಳ್ಳಿಯ ತಂಗಿ ಮನೆಗೆ ಹೋದವರು, ಗದ್ದೆ ಬದುವಿನಲ್ಲಿ ನಿಂತು ಶೌರ್ಯ ತೋರಿಸಲು ಹೋಗಿ ಜಲ್ಲೆಯ ಗೆಣ್ಣಿಗೇ ಬಾಯಿ ಹಾಕಿದರು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲೇ ಹೋದವು.

ಬೇರೆ ಯಾರ ಹಲ್ಲು ಹೋಗಿದ್ದರೂ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಮದ್ದೂರಿನ ಪಕ್ಕದ ನಮ್ಮ ಹೈಸ್ಕೂಲಿನಲ್ಲಿ ಅವರ ಪಾಠವೆಲ್ಲ ಬಾಯಲ್ಲೇ. ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ಪುಸ್ತಕ ತೆರೆಸುವ ಮೊದಲು ಬಾಯಿ ತೆರೆಸುತ್ತಾರೆ. ಬೆಂಚಿಗೊಂದು ಪುಟ್ಟ ಕನ್ನಡಿ. 'ಹೌಸ್' ಎಂದಾಗ ಕನ್ನಡಿಯ ಮೇಲೆ ಆವಿ ಕೂರಬೇಕು. ಕೂರದಿದ್ದರೆ ಹುಡುಗ 'ಔಸ್' ಎಂದಿದ್ದಾನೆ ಅಂತಲೇ. 'ಪೆನ್' ಎಂದರೆ ತುಟಿಯ ಮುಂದೆ ಹಿಡಿದ ಕಾಗದ ಅಲುಗಬೇಕು. 'ಫ್ಯಾನ್' ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಅದನ್ನು ತಮ್ಮ ಹಲ್ಲಲ್ಲೇ ತೋರಿಸುತ್ತಿದ್ದರು. ಈಗ ತೋರಿಸಲು ಹಲ್ಲೆಲ್ಲಿ?

ರಜೆ ಮುಗಿಸಿ ಮಾಸ್ಕ್ ಹಾಕಿಕೊಂಡು ಬಂದರು. ಡ್ರಿಲ್ ಮೇಷ್ಟ್ರು ಹಲ್ಲಿಗೂ ಕಡಲೆಗೂ ಇರುವ ಗಾದೆ ಹೇಳಿ ರೇಗಿಸಿದ ಮೇಲೆ ಗೋಡೆಗೆ ಮುಖ ಮಾಡಿ ಊಟ ಮಾಡತೊಡಗಿದರು. ವಸಡು ಮಾಯುವವರೆಗೆ ಹಲ್ಲು ಕಟ್ಟುವುದಿಲ್ಲ ಎಂದಿದ್ದ ಮಂಡ್ಯದ ಡಾಕ್ಟರಿಗೆ ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದರು. ಕೊನೆಗೆ ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ತಮಗಿನ್ನು ಇಂಗ್ಲಿಷ್ ಬೇಡ, ಸಮಾಜದ ಪಾಠ ಕೊಡಿ, ಇಂಗ್ಲಿಷನ್ನು ಪುಟ್ಟಮಾದಮ್ಮ ಮೇಡಂ ತೆಗೆದುಕೊಳ್ಳಲಿ ಎಂದರು.

ಪುಟ್ಟಮಾದಮ್ಮ ಎಂದರೆ ನಾನೇ, ಗಣಿತದವಳು. ನನಗೆ ಸಿಟ್ಟು ನೆತ್ತಿಗೇರಿತು. 'ಫಿಶ್' ಎಂಬುದು ನನ್ನ ಬಾಯಲ್ಲಿ ಇವತ್ತಿಗೂ 'ಪಿಸ್'. ನಾನು ಕಲಿಸಿದರೆ ಆ ಮಕ್ಕಳ ಗತಿ ಏನು ಎಂದು ಅವರ ಮುಖಕ್ಕೇ ಕೇಳಿದೆ. ಅವರು ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು.

"ಮಕ್ಳು ನಗ್ತವೆ ಮೇಡಂ. ಒಂದ್ಸಲ ನಕ್ಬುಟ್ರೆ ಆಮೇಲೆ ನನ್ ಮಾತು ಯಾರೂ ಕೇಳಕಿಲ್ಲ."

ಕಣ್ಣಲ್ಲಿ ನೀರಿತ್ತು. ನಾನು ಜಗಳ ಬಿಟ್ಟು ಹೂಂ ಎಂದೆ. ಸೋಮವಾರದಿಂದ ಬದಲಾಯಿಸೋಣ ಎಂದರು ಹೆಡ್‌ಮೇಷ್ಟ್ರು.

ಶುಕ್ರವಾರ ನಾನು ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡಿಸುತ್ತಿದ್ದೆ. ಎಂಟನೇ ಕ್ಲಾಸಿನಿಂದ ಮಾಸ್ಕಿನೊಳಗಿನ ಅವರ ಗುಜುಗುಜು ದನಿ ಬರುತ್ತಿತ್ತು. ಅವತ್ತು 'ಟೀ' ಪಾಠ. ನಮ್ಮ ಮಕ್ಕಳು ಕನ್ನಡದ 'ಟ'ಕ್ಕೆ ಮಡಚುವಂತೆ ನಾಲಿಗೆಯನ್ನು ಹಿಂದಕ್ಕೆ ಮಡಚುತ್ತಾರೆ. ಇಂಗ್ಲಿಷಿಗೆ ಅದು ಮುಂದಿನ ಹಲ್ಲಿನ ಹಿಂದಿರುವ ವಸಡಿಗೆ ತಾಗಬೇಕು. ಎಷ್ಟು ಹೇಳಿದರೂ ಒಬ್ಬರಿಗೂ ಬರಲಿಲ್ಲ. ಆಗ ದೀಪಿಕ ಎಂಬ ಹುಡುಗಿಯ ದನಿ ಕೇಳಿತು.

"ಬಾಯೇ ಕಾಣಕಿಲ್ಲ ಸಾ. ಅದ್ ತಗ್ದು ತೋರ್ಸಿ."

ನಾನು ಸೀಮೆಸುಣ್ಣ ಹಿಡಿದುಕೊಂಡೇ ಹೋಗಿ ಅವರ ಬಾಗಿಲಲ್ಲಿ ನಿಂತೆ. ಮೇಷ್ಟ್ರು ಮಾಸ್ಕ್ ತೆಗೆದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು 'ಟೀ' ಎಂದೇಬಿಟ್ಟರು. ದೀಪಿಕ ಎದ್ದು ಹತ್ತಿರ ಬಂದು ಬಾಯೊಳಗೇ ಇಣುಕಿದಳು.

"ಈಗ ನಾಲ್ಗೆ ಎಲ್ಲಿ ಕೂತ್ಕತದೆ ಅಂತ ಚೆಂದಾಗ್ ಕಾಣ್ತದೆ ಸಾ. ಇನ್ನೊಂದ್ಸಲ ಅನ್ನಿ."

ಇಷ್ಟು ವರ್ಷ ಹಲ್ಲಿನ ಹಿಂದೆ ಅಡಗಿದ್ದ ನಾಲಿಗೆ ಆ ಸಂದಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಒಂದೊಂದೇ ಬೆಂಚಿನವರು ಎದ್ದು ಬಂದು ನೋಡಿದರು, ತಮ್ಮ ನಾಲಿಗೆಯನ್ನೂ ಅಲ್ಲಿಗೇ ತಾಗಿಸಿ ನೋಡಿಕೊಂಡರು. ಕಿಸಕ್ಕೆಂದವನೂ ಬಂದ, ಅವನಿಗೇ ಎಲ್ಲರಿಗಿಂತ ಮೊದಲು ಬಂತು. ಯಾರೂ ನಗಲಿಲ್ಲ, ಅವರಿಗೆ ಪುರಸೊತ್ತೇ ಇರಲಿಲ್ಲ.

ನನಗೆ ಹೋದ ಜೀವ ಬಂದಂತಾಯಿತು. ಸಂಜೆ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ನನ್ನ ಎದುರಿಗೇ ಕೂತು, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಸಂದಿ ಬಿದ್ದ ಬಾಯಲ್ಲೇ ತಿನ್ನುತ್ತಿದ್ದರು. ಅಷ್ಟರಲ್ಲಿ ಡಾಕ್ಟರ ಫೋನು ಬಂತು. ವಸಡು ಮಾಯ್ದಿರುತ್ತದೆ, ಅಳತೆ ತೆಗೆಯುತ್ತೇನೆ, ನಾಳೆಯೇ ಬನ್ನಿ ಎಂದು ಅವರು ಹೇಳಿದ್ದು ನನಗೂ ಕೇಳಿಸಿತು.

"ನಾಳೆ ಬ್ಯಾಡ ಬುಡಿ ಡಾಕ್ಟ್ರೇ," ಎಂದರು ಮೇಷ್ಟ್ರು. "ಇನ್ನೂ 'ಎಲ್' ಪಾಠ ಅದೆ, ಅದ್ಕೂ ನಾಲ್ಗೆ ಕಾಣ್ಬೇಕು. ಅದೊಂದ್ ಮುಗುಸ್ಕಂಡು ಬತ್ತೀನಿ."