ಮಂಜು ಕುಡಿದ ಹಾಳೆ

ಫೋನಲ್ಲಿ ಟೈಪ್ ಮಾಡೋದು ಈಗಷ್ಟೇ ಕಲ್ತೆ. ಮೊದಲು ಬರೀಬೇಕಾದ್ದು ಮೊಮ್ಮಗಳ ಹಾಳೆ ಕತೆ. ಅವಳೇ ಬರೆದ್ರೆ ನನ್ನ ಪಾಲು ಬಿಟ್ಟುಬಿಡ್ತಾಳೆ.

ಊಟಿ ಕಾಲೇಜಲ್ಲಿ ಅವಳ ಸಂಶೋಧನೆ. ಅದೊಂದು ಪ್ಲಾಸ್ಟಿಕ್ ಹಾಳೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಒತ್ತಿದ್ರೆ ಚೂರು ಕರೆಂಟ್ ಹುಟ್ಟುತ್ತೆ. ನೀರೊಳಗೆ ಇಳಿಬಿಟ್ರೆ ಶಬ್ದ ಬಂದು ಒತ್ತುತ್ತೆ, ಕಂಪ್ಯೂಟರಲ್ಲಿ ಗೆರೆ ಕುಣಿಯುತ್ತೆ. ನೀರಿಗೆ ಕಿವಿ ಇಟ್ಟಂಗೆ.

ಆದ್ರೆ ಆ ಕಿವಿ ಕಿವುಡು. ಪ್ಲಾಸ್ಟಿಕ್ ಕರಗಿಸಿ ಗಾಜಿನ ಮೇಲೆ ಹುಯ್ದ್ರೆ ತಿಳಿಯಾಗಿ ಒಣಗಬೇಕಂತೆ. ಇವಳದ್ದು ಪ್ರತಿ ಸಲ ಮಜ್ಜಿಗೆ ಥರ ಬೆಳ್ಳಗೆ. ಒಣಗಿದ್ಮೇಲೆ ಎಳೆದು ಹಿಗ್ಗಿಸಿದ್ರೇನೇ ಅದಕ್ಕೆ ಕಿವಿ ಕೇಳೋದಂತೆ, ಇದು ಎಳೆದ್ರೆ ಹರಿಯೋದು. "ಈ ಸಲವೂ ಆಗ್ದಿದ್ರೆ ವಿಷಯ ಬದಲಾಯಿಸು" ಅಂದ್ರಂತೆ ಅವಳ ಮೇಡಂ. ಮೂರು ವರ್ಷದ ಕೆಲಸ! ಹುಡುಗಿ ಊಟ ಬಿಟ್ಟಳು.

ಬುತ್ತಿ ಹಿಡ್ಕೊಂಡು ಲ್ಯಾಬಿಗೇ ಹೋದೆ. ಹೊರಗೆ ಮಂಜು, ಕಿಟಕಿ ಪೂರ್ತಿ ತೆರೆದಿತ್ತು.

"ಕಿಟಕಿ ಯಾಕೆ ತೆಗ್ದಿದ್ದೀಯ?"

"ಕೆಮಿಕಲ್ ವಾಸನೆ ಹೋಗಕ್ಕೆ ಹೆತ್ತೆ. ಏನೂ ಮುಟ್ಟಬೇಡ."

ನಮ್ಮಲ್ಲಿ ಅಜ್ಜಿಗೆ ಹೆತ್ತೆ ಅಂತೀವಿ. ಮುಟ್ಟಬೇಡ ಅಂದ್ರೆ ನಂಗೆ ಕೈ ತುರಿಸುತ್ತೆ. ಬಿಸಾಕಿದ್ದ ಒಂದು ಒಣ ಹಾಳೇನ ಬೆರಳಲ್ಲಿ ಉಜ್ಜಿ ನೋಡ್ದೆ. ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸೋ ತೊಟ್ಟಿ ಹತ್ರ ಇಪ್ಪತ್ತು ವರ್ಷ ನಿಂತ ಬೆರಳು.

"ಮಂಜು ಕುಡ್ದಿದೆ ಕಣೇ ಇದು. ಇಂಥ ದಿನ ನಾವು ಕಿಟಕಿ ಮುಚ್ಚಿ, ಎಲೆಗೆ ಕೆಳಗಿಂದ ಬಿಸಿಗಾಳಿ ಬಿಡ್ತಿದ್ವಿ."

"ಇದು ಟೀ ಎಲೆ ಅಲ್ಲ ಹೆತ್ತೆ."

"ಅಲ್ಲ. ಟೀ ಎಲೆಗೆ ಬುದ್ಧಿ ಜಾಸ್ತಿ."

ನಕ್ಕಳು. ಆಮೇಲೆ ನಗು ನಿಲ್ಲಿಸಿ ಕಿಟಕೀನೇ ನೋಡ್ತಾ ಕೂತಳು. ಅವಳು ಕಲ್ತ ವಿಧಾನವೆಲ್ಲ ಬಯಲುಸೀಮೆ ಲ್ಯಾಬಿಂದು, ಅಲ್ಲಿ ಮಂಜು ಮನೆಯೊಳಗೆ ಬರಲ್ಲ.

ಮಾರನೇ ದಿನ ಮುಚ್ಚಿದ ಪೆಟ್ಟಿಗೆಯಲ್ಲಿ ಬೆಚ್ಚಗಿನ ಒಣಗಾಳಿ ಬಿಟ್ಟು ಒಣಗಿಸಿದಳು. ವಾಸನೆ ಹೊರಗೆ ಹೋಗಕ್ಕೆ ಪೈಪ್ ಇಟ್ಟಳು. ಹಾಳೆ ಎಷ್ಟು ತಿಳಿ ಅಂದ್ರೆ ಅದರ ಆಚೆ ನನ್ನ ಅಂಗೈ ರೇಖೆ ಕಾಣ್ತಿತ್ತು. ಎಳೆದಳು, ಹರೀಲಿಲ್ಲ. ಕಿವಿ ಎಚ್ಚರ ಆಗ್ಲಿ ಅಂತ ಒಂದ್ಸಲ ಜೋರು ಕರೆಂಟ್ ಕೊಟ್ಟು, ತಂತಿ ಅಂಟಿಸಿ, ರಬ್ಬರಲ್ಲಿ ಮುಚ್ಚಿದಳು.

ಪರೀಕ್ಷೆ ಎಮರಾಲ್ಡ್ ಡ್ಯಾಮಲ್ಲಿ. ಮೇಡಂ ಬಂದಿದ್ರು. ನಾನೂ ಹೋದೆ, ಬಿಡ್ತೀನಾ! ಹಾಳೆ ನೀರಿಗಿಳೀತು. ಕಂಪ್ಯೂಟರಲ್ಲಿ ಗೆರೆ ನಿದ್ದೆ ಮಾಡ್ತಿತ್ತು.

"ಯಾರೂ ಸದ್ದು ಮಾಡ್ಬೇಡಿ" ಅಂದಳು ಮೊಮ್ಮಗಳು, ನನ್ನನ್ನೇ ನೋಡ್ಕೊಂಡು.

ನಾನು ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಮೆಲ್ಲಗೆ ನೀರಲ್ಲಿ ಅದ್ದಿ ಬಳೆ ಅಲ್ಲಾಡಿಸಿದೆ. ಗೆರೆ ಎಗರಿಬಿತ್ತು!

"ಹೆತ್ತೆ! ಕೈ ತೆಗಿ!"

"ಬೇಡ ಬೇಡ" ಅಂದ್ರು ಮೇಡಂ, ಪರದೆ ಹತ್ರ ಬಗ್ಗಿ. "ಇನ್ನೊಂದ್ಸಲ ಅಲ್ಲಾಡಿಸಿ ಅಮ್ಮಾ."

ಅಲ್ಲಾಡಿಸಿದೆ. ವಿಷಯ ಬದಲಾಯಿಸೋ ಮಾತು ಅಲ್ಲಿಗೆ ಮುಗೀತು. ಮೂರನೇ ಸಲ ಯಾರೂ ಕೇಳ್ಲಿಲ್ಲ, ಆದ್ರೂ ಅಲ್ಲಾಡಿಸಿದೆ.