ಫಿಟ್ಟರಣ್ಣನ ಕಿವಿ

ಹಿರಿಯೂರಿನ ಫ್ಯಾಕ್ಟರಿಯಲ್ಲಿ ನಾನು ಹೆಸರಿಗೆ ಪಂಪ್ ಆಪರೇಟರ್. ನಿಜವಾದ ಕೆಲಸ ಕಂಡವರನ್ನೆಲ್ಲ ಅಣಕಿಸುವುದು. ಮ್ಯಾನೇಜರರ ಕೆಮ್ಮು, ನನ್ನದೇ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಪಂಪು ರಿಪೇರಿ ಮಾಡುವ ಹಳೇ ಫಿಟ್ಟರೊಬ್ಬರಂತೂ ಅಣಕಕ್ಕೆ ದಿನಾ ಸಿಗುತ್ತಿದ್ದರು. ಓಡುವ ಪಂಪಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ, ಅದರ ಹಿಡಿಗೆ ಕಿವಿಯಾನಿಸಿ, "ಮೊದ್ಲು ಕೇಳು, ಆಮೇಲೆ ಬಿಚ್ಚು" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ದೊಡ್ಡ ಪಂಪು ನೀರೆತ್ತದೆ ಒದರತೊಡಗಿತು. ಅವರು ಬಹಳ ಹೊತ್ತು ಕಿವಿಯಿಟ್ಟರು. ಆಮೇಲೆ ಪಂಪು ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು.

"ಲೇ, ಅದು ಹೆಂಗೆ ಸದ್ದು ಮಾಡ್ತಿತ್ತು, ಮಾಡಿ ತೋರ್ಸು."

ತಮಾಷೆಯೆಂದುಕೊಂಡು, ಬಾಣಲೆಯಲ್ಲಿ ಜಲ್ಲಿ ಹುರಿದ ಹಾಗೆ ಬಾಯಲ್ಲಿ ಸದ್ದು ತೆಗೆದೆ.

"ಇನ್ನೂ ಜೋರಾಗಿ. ಕಿವಿ ಹತ್ರ ಬಾ."

ಮಾಡಿದೆ. ನಗು ಬರಲಿಲ್ಲ.

"ಎಷ್ಟು ದಿನ ಆತಣ್ಣ, ಕಿವಿ ಹಿಂಗಾಗಿ?" ಅಂದೆ.

"ಬೇರಿಂಗಲ್ಲ ಬಿಡು. ಇಂಪೆಲ್ಲರ್ ತಿಂದುಹೋಗೈತೆ," ಅಂದರು.

ಬೋಲ್ಟು ಬಿಚ್ಚಿ ಪಂಪಿನ ಹೊರಕವಚ ಎಳೆದೆವು. ಒಳಗೆ ನೀರು ತಳ್ಳುವ ಇಂಪೆಲ್ಲರಿನ ರೆಕ್ಕೆಗಳ ತುಂಬ ಗುಳಿಗಳು ಬಿದ್ದಿದ್ದವು. ಅವರು ಒಂದೊಂದನ್ನೂ ಬೆರಳಲ್ಲಿ ಸವರಿದರು.

"ಯಾರ್ಗೂ ಹೇಳ್ಬ್ಯಾಡ ಕಣಪ್ಪ. ಕೇಳ್ಸಲ್ಲ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರೆ."

ಸಂಜೆ ಕ್ಯಾಂಟೀನಿನಲ್ಲಿ ಫಿಟ್ಟರನ್ನು ಬಿಟ್ಟು ನನ್ನನ್ನೇ ನಾನು ಅಣಕಿಸಿಕೊಂಡೆ. ಎಲ್ಲರೂ ನಕ್ಕರು. ಮೂಲೆಯ ಬೆಂಚಿನಲ್ಲಿದ್ದ ಅವರು ಒಬ್ಬೊಬ್ಬರ ಮುಖವನ್ನೂ ನೋಡಿ, ಎಲ್ಲರ ನಗು ಮುಗಿಯುವ ಹೊತ್ತಿಗೆ ತಾವೂ ನಕ್ಕರು.